ಕಂಪನಿಗೆ ಡೆಸ್ಕ್‌ಟಾಪ್ ಥೀಮ್ ಮಾಡಿಸಿದ ಅನುಭವ: ಚಿತ್ರ ಬೇಗ ಆಯಿತು, ಉಳಿದದ್ದೇ ಎಳೆಯಿತು

ನಮ್ಮ ಸಂಸ್ಥೆಯ ಕಂಪ್ಯೂಟರುಗಳಿಗೆ ಕೊನೆಗೂ ಹೊಸ ಥೀಮ್ ಬಂದು ಕೂತಿದೆ. ಹೇಳಿದರೆ ಸಣ್ಣ ಕೆಲಸ ಅನ್ನಿಸುತ್ತದೆ, ಅಲ್ವಾ? ಹಿಂದೆ ಒಂದು ಚಿತ್ರ, ಟಾಸ್ಕ್‌ಬಾರ್‌ಗೆ ಒಂದು ಬಣ್ಣ, ಮುಗಿಯಿತು. ಮೇಲಿನವರೂ ಹಾಗೇ ಅಂದುಕೊಂಡು, ಲೋಗೋ ಬದಲಾದ ಹುರುಪಿನಲ್ಲಿ "ಹಾಗೇ ಕಂಪ್ಯೂಟರಿಗೂ ಒಂದು ಥೀಮ್ ಮಾಡಿಸಿಬಿಡಿ ಮೇಡಂ" ಅಂದರು. ಸಂವಹನ ವಿಭಾಗದಲ್ಲಿ ಇರುವವಳು ನಾನು. ಲೆಟರ್‌ಹೆಡ್ಡು, ವಿಸಿಟಿಂಗ್ ಕಾರ್ಡು ಎಲ್ಲ ನನ್ನ ಕೈಯಲ್ಲೇ ಆಗಿದ್ದರಿಂದ ಇದೂ ನನ್ನ ತಲೆಗೇ ಬಂತು. ತಿಂಗಳುಗಟ್ಟಲೆ ಎಳೆಯಿತು. ಈ ದಾರಿಯಲ್ಲಿ ಹೊರಟವರಿಗೆ ಸ್ವಲ್ಪವಾದರೂ ಅನುಕೂಲವಾಗಲಿ ಅಂತ, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಲ ಸಭೆಯಲ್ಲೇ ಒಂದು ವಿಷಯ ಗೊತ್ತಾಯಿತು. ಥೀಮ್ ಅಂದರೆ ಏನು ಅನ್ನುವುದು ಒಬ್ಬೊಬ್ಬರ ತಲೆಯಲ್ಲೂ ಬೇರೆಬೇರೆ ಇತ್ತು. ನಿರ್ದೇಶಕರಿಗೆ ಕಿಟಕಿಯ ಅಂಚು, ಬಟನ್ನು, ಸ್ಟಾರ್ಟ್ ಮೆನು ಎಲ್ಲವೂ ಕಂಪನಿಯ ಬಣ್ಣದಲ್ಲಿ ಇರಬೇಕು. ಎಚ್‌ಆರ್‌ನವರಿಗೆ ವಾರಕ್ಕೊಂದು ಘೋಷವಾಕ್ಯ ಬದಲಾಗಬೇಕು. ಮಾರಾಟ ವಿಭಾಗದವರಿಗೆ ಮೌಸ್ ಬಾಣವೂ ಲೋಗೋ ಆಕಾರದಲ್ಲಿ ಬೇಕು. ಐಟಿ ಮೇಡಂ ಮಾತ್ರ ಸುಮ್ನೆ ಕೂತು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಏನು ಬೇಕು ಅಂತ ಆಮೇಲೆ ನೋಡೋಣ. ವಿಂಡೋಸ್ ಏನು ಬಿಡುತ್ತದೆ ಅಂತ ಮೊದಲು ತಿಳ್ಕೊಳ್ಳಿ" ಅಂದರು. ಆಗ ಅವರ ಮೇಲೆ ಸ್ವಲ್ಪ ಸಿಟ್ಟು ಬಂದದ್ದು ನಿಜ. ಆದರೆ ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ಉಪಯೋಗದ ಮಾತು ಅದೇ.

ಹಾಗಾಗಿ ತಿಳಿದುಕೊಂಡೆ. ವಿಂಡೋಸ್‌ನಲ್ಲಿ ಥೀಮ್ ಅನ್ನುವುದು ಒಂದು ಸಾದಾ ಪಠ್ಯ ಫೈಲು. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ವಾಲ್‌ಪೇಪರ್ ಎಲ್ಲಿದೆ, ಬಣ್ಣ ಯಾವುದು, ಕರ್ಸರ್ ಯಾವುದು, ಶಬ್ದ ಯಾವುದು, ಚಿತ್ರಗಳು ಎಷ್ಟು ಹೊತ್ತಿಗೊಮ್ಮೆ ಬದಲಾಗಬೇಕು, ಇಷ್ಟನ್ನು ಸಾಲುಸಾಲಾಗಿ ಬರೆದಿರುತ್ತದೆ. ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಬರೆಯಬೇಕು, ಅಂದರೆ ಅರ್ಧ ಗಂಟೆಗೆ 1800000. ಈ ಫೈಲನ್ನೂ ಚಿತ್ರಗಳನ್ನೂ ಒಟ್ಟಿಗೆ ಕಟ್ಟಿದರೆ ಥೀಮ್‌ಪ್ಯಾಕ್ ಆಗುತ್ತದೆ. ಇದು 2009ರಲ್ಲಿ ವಿಂಡೋಸ್ 7ರ ಜೊತೆ ಬಂತು. 2012ರಲ್ಲಿ ವಿಂಡೋಸ್ 8ರ ಜೊತೆ ಡೆಸ್ಕ್‌ಥೀಮ್‌ಪ್ಯಾಕ್ ಅಂತ ಇನ್ನೊಂದು ಬಗೆ ಬಂತು. ಎರಡೂ ಒಳಗೆ ಕ್ಯಾಬ್ ಫೈಲುಗಳೇ, ಅಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಒಂದರಲ್ಲೇ ಕಟ್ಟಿದ ಗಂಟು.

ಕಿಟಕಿಯ ಅಂಚು, ಬಟನ್ನುಗಳ ರೂಪ ಇದ್ಯಾವುದೂ ಆ ಪಠ್ಯ ಫೈಲಿನಲ್ಲಿ ಇಲ್ಲ. ಅದಕ್ಕೆ ಎಂಎಸ್‌ಸ್ಟೈಲ್ಸ್ ಅನ್ನುವ ಬೇರೆ ಫೈಲು ಇದೆ. ಮೈಕ್ರೋಸಾಫ್ಟ್ ಸಹಿ ಇರುವ ಎಂಎಸ್‌ಸ್ಟೈಲ್ಸ್ ಫೈಲನ್ನು ಮಾತ್ರ ವಿಂಡೋಸ್ ಒಪ್ಪುತ್ತದೆ. ನಿರ್ದೇಶಕರ ಕನಸಿಗೆ ಇಲ್ಲೇ ತಡೆ ಬಿತ್ತು.

ಆದರೂ ಮಾಡಿಕೊಡುತ್ತೇವೆ ಅನ್ನುವವರು ಇದ್ದಾರೆ. ಕೊಟೇಶನ್ ತರಿಸಿದಾಗ ನನಗೆ ಮೂರು ಬಗೆಯವರು ಸಿಕ್ಕರು. ಒಂದಷ್ಟು ಜನ ಚಿತ್ರ ಮಾತ್ರ ಮಾಡಿಕೊಡುವವರು. ಅದನ್ನು ಯಂತ್ರಕ್ಕೆ ಹಾಕುವುದು ನಿಮ್ಮ ಪಾಡು. ಇನ್ನು ಕೆಲವರು ಚಿತ್ರ, ಥೀಮ್‌ಪ್ಯಾಕ್, ಐಟಿಯವರಿಗೆ ಬೇಕಾದ ಸೂಚನೆ ಎಲ್ಲ ಸೇರಿಸಿ ಕೊಡುವವರು. ಮೂರನೆಯವರು ಇಡೀ ವಿಂಡೋಸ್‌ನ ಚಹರೆಯನ್ನೇ ಬದಲಾಯಿಸುತ್ತೇವೆ ಅನ್ನುವವರು. ಇವರ ಡೆಮೋ ನೋಡಲು ಬಹಳ ಚೆಂದ ಇತ್ತು, ನಿರ್ದೇಶಕರು ಮರುಳಾಗಿಬಿಟ್ಟರು. ಐಟಿ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಸಿಸ್ಟಂ ಫೈಲು ತಿದ್ದುತ್ತೀರಾ?" ಹೌದು, ಯುಎಕ್ಸ್‌ಥೀಮ್ ಅನ್ನುವ ಫೈಲನ್ನು ಪ್ಯಾಚ್ ಮಾಡಬೇಕಾಗುತ್ತದೆ ಅಂತ ಒಪ್ಪಿಕೊಂಡರು. ಆ ಪ್ಯಾಚು ಮುಂದಿನ ವಿಂಡೋಸ್ ಅಪ್‌ಡೇಟ್‌ಗೆ ಕಿತ್ತುಹೋಗಬಹುದು, ಯಂತ್ರ ಸರಿಯಾಗಿ ಏಳದೆಯೂ ಹೋಗಬಹುದು. ಮನೆಯ ಕಂಪ್ಯೂಟರಿನಲ್ಲಿ ಹವ್ಯಾಸಕ್ಕೆ ಮಾಡಿಕೊಳ್ಳುವುದು ಬೇರೆ ಮಾತು. ಕಚೇರಿಯಲ್ಲಿ ಬೇಡವೇ ಬೇಡ. ನಾವು ಎರಡನೇ ಬಗೆಯ ಒಂದು ಚಿಕ್ಕ ಸ್ಟುಡಿಯೋವನ್ನು ಆರಿಸಿಕೊಂಡೆವು.

ಈಗ ಕಾಗದಪತ್ರದ ಸರದಿ. ಸ್ಟುಡಿಯೋದವರು ಕೇಳಿದ್ದು ಲೋಗೋದ ಮೂಲ ವೆಕ್ಟರ್ ಫೈಲು (ಎಷ್ಟು ಹಿಗ್ಗಿಸಿದರೂ ಒಡೆಯದ ಚಿತ್ರ), ಬ್ರ್ಯಾಂಡ್ ಕೈಪಿಡಿ, ಬಣ್ಣಗಳ ಕೋಡು, ಬಳಸುವ ಫಾಂಟು ಮತ್ತು ಅದರ ಲೈಸೆನ್ಸ್, ಲೋಗೋ ಬಳಸಲು ಲಿಖಿತ ಒಪ್ಪಿಗೆ, ಗೋಪ್ಯತಾ ಒಪ್ಪಂದ. ಲಿಖಿತ ಒಪ್ಪಿಗೆ ಕಾನೂನು ವಿಭಾಗದ ಮೇಜಿನ ಮೇಲೆ ಬಹಳ ದಿನ ಕೂತಿತ್ತು. ನಮ್ಮದೇ ಲೋಗೋ, ನಮ್ಮದೇ ಕಂಪ್ಯೂಟರು, ಇದಕ್ಕೇಕೆ ಇಷ್ಟು ತಡ ಅಂತ ಕೇಳಿದರೆ, "ಹೊರಗಿನವರು ಅದನ್ನು ತಮ್ಮ ಕೆಲಸದ ಮಾದರಿ ಅಂತ ತೋರಿಸಬಹುದಾ, ಬೇಡವಾ ಅನ್ನೋದು ಬರೆದಿಲ್ಲವಲ್ಲ" ಅಂದರು. ಸರಿಯಾದ ಮಾತೇ. ನೀವು ಮೊದಲ ಕರಡಿನಲ್ಲೇ ಆ ಸಾಲು ಸೇರಿಸಿ, ಒಂದು ಸುತ್ತು ಉಳಿಯುತ್ತದೆ.

ಅದಕ್ಕಿಂತ ಜಾಸ್ತಿ ತಡ ಆಗಿದ್ದು ಯಂತ್ರಗಳ ಪಟ್ಟಿಗೆ. ಯಾವ ಯಂತ್ರದ ಪರದೆ ಎಷ್ಟು ಪಿಕ್ಸೆಲ್, ಯಾವ ವಿಂಡೋಸ್, ಯಾವ ಆವೃತ್ತಿ? ಹಳೆಯ ಲ್ಯಾಪ್‌ಟಾಪುಗಳು 1366×768, ಹೆಚ್ಚಿನವು 1920×1080, ಕೆಲವು 1920×1200, ವಿನ್ಯಾಸದವರ ಹತ್ತಿರ 3840×2160, ಲೆಕ್ಕಪತ್ರ ವಿಭಾಗದಲ್ಲಿ 3440×1440ರ ಅಗಲ ಪರದೆ. ಒಂದೇ ಚಿತ್ರ ಎಲ್ಲಕ್ಕೂ ಹೊಂದುವುದಿಲ್ಲ. ಅಗಲ ಪರದೆಗೆ ತುಂಬಿಸಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ, ಎಳೆದರೆ ಲೋಗೋ ಊದಿಕೊಳ್ಳುತ್ತದೆ.

ಆವೃತ್ತಿ ಇನ್ನೂ ಮುಖ್ಯ. ಗ್ರೂಪ್ ಪಾಲಿಸಿಯಿಂದ, ಅಂದರೆ ಒಂದೇ ಕಡೆ ಕೂತು ಎಲ್ಲ ಯಂತ್ರಗಳಿಗೂ ನಿಯಮ ಹಾಕುವ ವಿಂಡೋಸ್ ವ್ಯವಸ್ಥೆಯಿಂದ, ಎಲ್ಲರ ಲಾಕ್ ಸ್ಕ್ರೀನಿಗೂ (ಲಾಗಿನ್‌ಗೆ ಮೊದಲು ಕಾಣುವ ಪರದೆ) ಒಂದೇ ಚಿತ್ರ ಹಾಕುವ ಸೌಲಭ್ಯ ಎಂಟರ್‌ಪ್ರೈಸ್, ಎಜುಕೇಶನ್ ಮತ್ತು ಸರ್ವರ್ ಆವೃತ್ತಿಗಳಿಗೆ ಮಾತ್ರ. ನಮ್ಮಲ್ಲಿ ಒಂದು ಭಾಗ ಯಂತ್ರಗಳದ್ದು ಪ್ರೊ ಆವೃತ್ತಿ. ಇದು ಗೊತ್ತಾಗುವ ಹೊತ್ತಿಗೆ ಲಾಕ್ ಸ್ಕ್ರೀನಿನ ಕರಡು ಎಲ್ಲರ ಮೇಲ್‌ಗೂ ಹೋಗಿ, ಎಲ್ಲರೂ ಮೆಚ್ಚಿ ಆಗಿತ್ತು. ಆ ಯಂತ್ರಗಳಿಗೆ ಬರುವುದಿಲ್ಲ ಅಂತ ಆಮೇಲೆ ಹೇಳುವುದು ಬಹಳ ಮುಜುಗರದ ಕೆಲಸ. ಯಂತ್ರಗಳ ಪಟ್ಟಿ ಕೈಗೆ ಬರುವವರೆಗೆ ವಿನ್ಯಾಸವನ್ನು ಯಾರಿಗೂ ತೋರಿಸಬೇಡಿ.

ಬಣ್ಣದ ತಕರಾರು ಶುರುವಾದದ್ದು ಮೊದಲ ಕರಡಿನಿಂದಲೇ. ನಮ್ಮ ಕಿತ್ತಳೆ ಬಣ್ಣದ ಕೋಡು ಮುದ್ರಣಕ್ಕೆ ಮಾಡಿದ್ದು, ಅಂದರೆ ಸಿಎಂವೈಕೆ, ನಾಲ್ಕು ಶಾಯಿಯ ಲೆಕ್ಕ. ಪರದೆಗೆ ಬೇಕಾದದ್ದು ಎಸ್‌ಆರ್‌ಜಿಬಿ, ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ. ತಂತ್ರಾಂಶ ತಾನಾಗಿ ಬದಲಾಯಿಸಿಕೊಟ್ಟ ಕಿತ್ತಳೆ ಮಂಕಾಗಿ, ಇಟ್ಟಿಗೆ ಬಣ್ಣದ ಹತ್ತಿರ ಹೋಗಿತ್ತು. ಕಾರ್ಡು ಕೈಯಲ್ಲಿ ಹಿಡಿದು ಪರದೆಯ ಪಕ್ಕ ಇಟ್ಟು ನೋಡುವ ಕಾರ್ಯಕ್ರಮ ಹಲವು ಸಲ ನಡೆಯಿತು. ಅದರಿಂದ ಏನೂ ತೀರ್ಮಾನ ಆಗುವುದಿಲ್ಲ, ಯಾಕೆಂದರೆ ಪಕ್ಕದ ಎರಡು ಮಾನಿಟರುಗಳಲ್ಲೇ ಒಂದೇ ಬಣ್ಣ ಬೇರೆಬೇರೆ ಕಾಣುತ್ತದೆ. ಕೊನೆಗೆ ಪರದೆಗೆಂದೇ ಒಂದು ಕೋಡು ನಿಗದಿ ಮಾಡಿ, ಅದನ್ನು ಬ್ರ್ಯಾಂಡ್ ಕೈಪಿಡಿಯಲ್ಲೇ ಸೇರಿಸಿ, ನಿರ್ದೇಶಕರ ಸಹಿ ಹಾಕಿಸಿಕೊಂಡೆವು. ಸಹಿ ಬಿದ್ದ ಮೇಲೆ ಯಾರೂ ಮಾತಾಡಲಿಲ್ಲ.

ವಿನ್ಯಾಸದ ಸುತ್ತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಇರುವುದೇ. ಲೋಗೋ ದೊಡ್ಡದು ಮಾಡಿ ಅನ್ನುವವರು ನಿಮಗೂ ಸಿಗುತ್ತಾರೆ. ಆದರೆ ಜಾಗದ ಲೆಕ್ಕ ಒಂದಿದೆ, ಅದನ್ನು ತಿಳಿದಿರಿ. ಡೆಸ್ಕ್‌ಟಾಪಿನ ಐಕಾನುಗಳು ಎಡಗಡೆಯಿಂದ ತುಂಬಿಕೊಂಡು ಬರುತ್ತವೆ, ಹಾಗಾಗಿ ಲೋಗೋ ಬಲಗಡೆಗೆ ಇರಬೇಕು. ತೀರಾ ಕೆಳಗೂ ಬೇಡ, ಟಾಸ್ಕ್‌ಬಾರ್ ನುಂಗುತ್ತದೆ. ಐಕಾನಿನ ಕೆಳಗಿನ ಹೆಸರು ಬಿಳಿ ಅಕ್ಷರದಲ್ಲಿ ಬರುತ್ತದೆ, ಆದ್ದರಿಂದ ಎಡಭಾಗ ತಿಳಿಬಣ್ಣದ್ದಾದರೆ ಓದಲು ಆಗುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಲಿ ಅನ್ನುವ ಡಬ್ಲ್ಯೂಸಿಎಜಿ ಅಳತೆಯನ್ನೇ, ಅಂದರೆ ಎಲ್ಲರಿಗೂ ಓದಲು ಆಗಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಅಳತೆಯನ್ನೇ, ನಾವು ಇಟ್ಟುಕೊಂಡೆವು. ಆ ಅಳತೆ ಇರುವುದು ವೆಬ್ ಪುಟಗಳಿಗೆ, ಆದರೆ ವಾದ ನಿಲ್ಲಿಸಲು ಒಂದು ಅಂಕಿ ಬೇಕಲ್ಲ.

ಲಾಕ್ ಸ್ಕ್ರೀನಿನಲ್ಲಿ ಲೋಗೋವನ್ನು ಮೇಲೆ ನಟ್ಟನಡುವೆ ಇಟ್ಟಿದ್ದರು. ವಿಂಡೋಸ್ 10ರಲ್ಲಿ ಸೊಗಸಾಗಿ ಕಂಡಿತು, ಅಲ್ಲಿ ಗಡಿಯಾರ ಕೆಳಗೆ ಎಡ ಮೂಲೆಯಲ್ಲಿ ಇರುತ್ತದೆ. ವಿಂಡೋಸ್ 11ರಲ್ಲಿ ಗಡಿಯಾರ ಮೇಲೆ ನಡುವಿಗೆ ಬಂದಿದೆ. ಅಲ್ಲಿ ನಮ್ಮ ಲೋಗೋದ ಎದೆಯ ಮೇಲೆ ಹತ್ತೂಮುಕ್ಕಾಲು ಗಂಟೆ ಕೂತಿತ್ತು.

ಎಚ್‌ಆರ್‌ನವರು ಸಿಬ್ಬಂದಿಯ ಫೋಟೋ ಇರುವ ಒಂದು ವಾಲ್‌ಪೇಪರ್ ಬೇಕೇ ಬೇಕು ಅಂದರು. ನಗುನಗುತ್ತಾ ಎಲ್ಲರೂ ನಿಂತಿರುವ ಚಿತ್ರ. ಅದರಲ್ಲಿ ಇರುವ ಪ್ರತಿಯೊಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಬೇಕು, ಅದನ್ನು ಸಂಗ್ರಹಿಸಿದ್ದೂ ಆಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬರು ರಾಜೀನಾಮೆ ಕೊಟ್ಟರು. ಚಿತ್ರ ಪೆಟ್ಟಿಗೆ ಸೇರಿತು. ಬೇಜಾರಾಯಿತು, ನಿಜಕ್ಕೂ ಚೆನ್ನಾಗಿ ಬಂದಿದ್ದ ಫೋಟೋ ಅದು. ಬದಲಿಗೆ ಸ್ಟಾಕ್ ಫೋಟೋ ಹಾಕುವುದಾದರೆ ಲೈಸೆನ್ಸ್ ಓದಿ. ಸುದ್ದಿ ಬಳಕೆಗೆ ಮಾತ್ರ ಅಂತ ಇರುವ ಚಿತ್ರ ಇದಕ್ಕೆ ನಡೆಯುವುದಿಲ್ಲ. ಅಂಗಸಂಸ್ಥೆಗಳಿಗೂ ಫೈಲು ಹಂಚುವ ಯೋಚನೆ ಇದ್ದರೆ ಅದನ್ನೂ ಮೊದಲೇ ಕೇಳಿಕೊಳ್ಳಿ.

ಫೈಲುಗಳೆಲ್ಲ ಸಿದ್ಧ ಅಂತ ಸ್ಟುಡಿಯೋದವರು ಥೀಮ್‌ಪ್ಯಾಕನ್ನು ಮೇಲ್‌ನಲ್ಲಿ ಕಳಿಸಿದರು. ಮೇಲ್ ಬರಲೇ ಇಲ್ಲ. ಸೆಕ್ಯುರಿಟಿ ವಿಭಾಗದ ಜರಡಿಯಲ್ಲಿ ಸಿಕ್ಕಿಕೊಂಡಿತ್ತು. ವಿಚಾರಿಸಲು ಹೋದಾಗ ಅವರು ಒಂದು ಕಥೆ ಹೇಳಿದರು. 2023ರಲ್ಲಿ ಥೀಮ್ ಫೈಲುಗಳಲ್ಲೇ ಒಂದು ದೊಡ್ಡ ದೋಷ ಸಿಕ್ಕಿತ್ತು, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2023-38146 ಅದರ ನಂಬರು, ಥೀಮ್‌ಬ್ಲೀಡ್ ಅಂತ ಕರೆಯುತ್ತಾರೆ. ಕೆಟ್ಟ ಉದ್ದೇಶದಿಂದ ಮಾಡಿದ ಥೀಮ್ ಫೈಲನ್ನು ತೆರೆದರೆ ಸಾಕು, ದಾಳಿ ಮಾಡುವವರ ಕೋಡು ನಿಮ್ಮ ಯಂತ್ರದಲ್ಲಿ ಓಡಬಹುದಿತ್ತು. ಆ ವರ್ಷದ ಸೆಪ್ಟೆಂಬರ್ ಅಪ್‌ಡೇಟಿನಲ್ಲಿ ಅದನ್ನು ಸರಿಪಡಿಸಿದರು. ಆದರೂ ಹೊರಗಿನಿಂದ ಬಂದ ಥೀಮ್ ಫೈಲನ್ನು ನಮ್ಮವರು ಒಳಗೆ ಬಿಡುವುದಿಲ್ಲ. ಸ್ಕ್ರೀನ್‌ಸೇವರ್ ಅಂತೂ ಮಾತೇ ಎತ್ತಬೇಡಿ ಅಂದರು. ಎಸ್‌ಸಿಆರ್ ಫೈಲು ಹೆಸರಿಗೆ ಸ್ಕ್ರೀನ್‌ಸೇವರ್, ಒಳಗೆ ಇರುವುದು ಮಾಮೂಲಿ ಪ್ರೋಗ್ರಾಂ.

ಚಿತ್ರಗಳನ್ನು ಮಾತ್ರ ಸ್ಟುಡಿಯೋದಿಂದ ತೆಗೆದುಕೊಂಡು, ಥೀಮ್ ಫೈಲನ್ನು ನಮ್ಮ ಐಟಿಯವರೇ ಇಲ್ಲಿ ಬರೆಯುವುದು ಅಂತ ತೀರ್ಮಾನವಾಯಿತು. ಸಾದಾ ಪಠ್ಯ ಫೈಲಾದ್ದರಿಂದ ಅದು ಕಷ್ಟದ ಕೆಲಸವೇನಲ್ಲ. ಒಪ್ಪಂದದಲ್ಲಿ ಪ್ಯಾಕೇಜಿಂಗ್‌ಗೆ ಅಂತ ಕೊಡಬೇಕಾಗಿದ್ದ ಹಣದ ಬಗ್ಗೆ ಮಾತ್ರ ಎರಡು ಕಡೆಯಿಂದಲೂ ಮೇಲ್‌ಗಳು ಓಡಾಡಿದವು. ಒಪ್ಪಂದಕ್ಕೆ ಕೂರುವ ಮೊದಲೇ ನಿಮ್ಮ ಸೆಕ್ಯುರಿಟಿಯವರನ್ನು ಸಭೆಗೆ ಕರೆಯಿರಿ. ಅವರು ಬೇಡ ಅನ್ನುವುದನ್ನು ಮೊದಲೇ ಕೇಳಿಸಿಕೊಂಡರೆ ಅಗ್ಗ.

ಪರೀಕ್ಷೆಗೆ ಕೆಲವು ಯಂತ್ರಗಳನ್ನು ಆರಿಸಿಕೊಂಡರು. ಇಲ್ಲಿಂದ ಮುಂದಿನ ದಿನಗಳಲ್ಲಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲನೆಯದು ಬಣ್ಣ, ಮತ್ತೆ. ಹೊಸ ಯಂತ್ರಗಳಲ್ಲಿ ಥೀಮ್ ಫೈಲಿನಿಂದ ಬಂದ ಬಣ್ಣ ಸರಿಯಾಗಿತ್ತು. ಹಳೆಯ ಯಂತ್ರಗಳಿಗೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಜಾಗ) ಮೂಲಕ ಹಾಕಿದ ಬಣ್ಣ ಮಾತ್ರ ಕಿತ್ತಳೆಯ ಬದಲು ಚಂದದ ಆಕಾಶನೀಲಿ! ಎಲ್ಲರೂ ಕೋಡನ್ನು ಮತ್ತೆಮತ್ತೆ ನೋಡಿದರು, ಸರಿಯಾಗೇ ಇತ್ತು. ಕೊನೆಗೆ ಹೊಳೆದದ್ದು ಐಟಿಯ ಕಿರಿಯ ಹುಡುಗನಿಗೆ. ಥೀಮ್ ಫೈಲಿನಲ್ಲಿ ಬಣ್ಣದ ಅಂಕಿ ಕೆಂಪು, ಹಸಿರು, ನೀಲಿ ಅನ್ನುವ ಕ್ರಮದಲ್ಲಿ ಇರುತ್ತದೆ. ರಿಜಿಸ್ಟ್ರಿಯ ಆ್ಯಕ್ಸೆಂಟ್ ಕಲರ್‌ನಲ್ಲಿ (ಟಾಸ್ಕ್‌ಬಾರ್, ಬಟನ್ನುಗಳಿಗೆ ಹಚ್ಚುವ ಬಣ್ಣ) ಅದೇ ಅಂಕಿ ನೀಲಿ, ಹಸಿರು, ಕೆಂಪು ಅಂತ ತಿರುಗಾಮುರುಗಾ. ಕಿತ್ತಳೆಯಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ತಿರುಗಿಸಿದರೆ ನೀಲಿಯಾಗದೆ ಇನ್ನೇನು?

ಬಣ್ಣ ಸರಿಹೋಯಿತು, ಆದರೆ ಟಾಸ್ಕ್‌ಬಾರ್‌ಗೆ ಹತ್ತಲಿಲ್ಲ. ವಿಂಡೋಸ್ ಲೈಟ್ ಮೋಡ್‌ನಲ್ಲಿ ಇದ್ದರೆ ಟಾಸ್ಕ್‌ಬಾರ್‌ಗೂ ಸ್ಟಾರ್ಟ್‌ಗೂ ಆ್ಯಕ್ಸೆಂಟ್ ಬಣ್ಣ ಬರುವುದಿಲ್ಲ, ಆ ಆಯ್ಕೆಯೇ ಮಸುಕಾಗಿರುತ್ತದೆ. ಸಿಸ್ಟಂ ಡಾರ್ಕ್, ಆ್ಯಪ್‌ಗಳು ಲೈಟ್ ಅಂತ ಥೀಮ್ ಫೈಲಿನಲ್ಲೇ ಎರಡು ಸಾಲು ಬರೆದು ಇದನ್ನು ಬಗೆಹರಿಸಿದರು.

ಎರಡನೆಯದು ಕಪ್ಪು ಪರದೆ. ವಾಲ್‌ಪೇಪರ್ ಚಿತ್ರವನ್ನು ಸರ್ವರಿನ ಹಂಚಿದ ಫೋಲ್ಡರಿನಲ್ಲಿ ಇಟ್ಟು, ಪಾಲಿಸಿಯಲ್ಲಿ ಆ ವಿಳಾಸ ಕೊಟ್ಟಿದ್ದರು. ಕಚೇರಿಯೊಳಗೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಮನೆಗೆ ಒಯ್ದವರು ಬೆಳಿಗ್ಗೆ ಲಾಗಿನ್ ಆದಾಗ ಚಿತ್ರ ಸಿಗಲಿಲ್ಲ, ಚಿತ್ರ ಸಿಗದಿದ್ದರೆ ಹಿನ್ನೆಲೆ ಖಾಲಿ. "ಕಂಪ್ಯೂಟರ್ ಕೆಟ್ಟಿದೆ" ಅಂತ ಸಹಾಯವಾಣಿಗೆ ಕರೆಗಳ ಮೇಲೆ ಕರೆ. ಚಿತ್ರವನ್ನು ಪ್ರತಿ ಯಂತ್ರದ ಒಳಗೇ ಒಂದು ಫೋಲ್ಡರಿಗೆ ನಕಲು ಮಾಡಿ, ಆಮೇಲೆ ಆ ವಿಳಾಸ ಕೊಡಬೇಕು. ರಿಮೋಟ್ ಡೆಸ್ಕ್‌ಟಾಪಿನಲ್ಲಿ (ದೂರದ ಯಂತ್ರವನ್ನು ನೆಟ್‌ವರ್ಕ್ ಮೂಲಕ ತೆರೆದು) ಕೆಲಸ ಮಾಡುವವರಿಗೂ ಹಿನ್ನೆಲೆ ಕಾಣಲಿಲ್ಲ. ಅದು ದೋಷ ಅಲ್ಲ, ಸಂಪರ್ಕ ನಿಧಾನವಾಗಬಾರದು ಅಂತ ಬೇಕೆಂದೇ ತೆಗೆದಿಟ್ಟಿದ್ದರು. ಅಲ್ಲಿ ಹಾಗೇ ಬಿಟ್ಟೆವು.

ಮೂರನೆಯದಕ್ಕೆ ಸ್ಟುಡಿಯೋದವರಿಗೇ ಸಿಟ್ಟು ಬಂತು. ಲೋಗೋದ ಅಂಚು ಮಬ್ಬಾಗಿ, ಸುತ್ತ ಧೂಳು ಹಾರಿದಂತೆ ಕಾಣುತ್ತಿತ್ತು. ವಿಂಡೋಸ್ ಜೆಪೆಗ್ ವಾಲ್‌ಪೇಪರನ್ನು ಹಾಕಿಕೊಳ್ಳುವಾಗ ತಾನೇ ಇನ್ನೊಮ್ಮೆ ಕುಗ್ಗಿಸುತ್ತದೆ, ಸಾಮಾನ್ಯವಾಗಿ 85ರ ಗುಣಮಟ್ಟಕ್ಕೆ. ಫೋಟೋ ಆದರೆ ಗೊತ್ತಾಗುವುದಿಲ್ಲ. ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಚೂಪು ಅಂಚಿನ ಲೋಗೋ ಇದ್ದರೆ ಎದ್ದು ಕಾಣುತ್ತದೆ. ರಿಜಿಸ್ಟ್ರಿಯಲ್ಲಿ ಜೆಪೆಗ್ ಇಂಪೋರ್ಟ್ ಕ್ವಾಲಿಟಿ ಅನ್ನುವ ಮೌಲ್ಯವನ್ನು 100 ಮಾಡಿದಾಗ ಅಂಚು ಚೊಕ್ಕಟವಾಯಿತು.

ಇನ್ನು ಹಳೆಯ ಬಳಕೆದಾರರ ಸಮಸ್ಯೆ. ನಿಗದಿತ ಥೀಮ್ ಹಾಕುವ ಒಂದು ಗ್ರೂಪ್ ಪಾಲಿಸಿ ಇದೆ, ಆದರೆ ಅದು ಬಳಕೆದಾರರು ಆ ಯಂತ್ರಕ್ಕೆ ಮೊದಲ ಸಲ ಲಾಗಿನ್ ಆದಾಗ ಮಾತ್ರ ಕೆಲಸ ಮಾಡುತ್ತದೆ. ವರ್ಷಗಳಿಂದ ಕೆಲಸ ಮಾಡುತ್ತಿರುವವರ ಯಂತ್ರದಲ್ಲಿ ಏನೂ ಆಗಲಿಲ್ಲ. ಹಾಗಂತ ವಾಲ್‌ಪೇಪರ್ ಪಾಲಿಸಿ ಹಾಕಿದರೆ ಒಂದೇ ಚಿತ್ರ, ಅದೂ ಯಾರೂ ಬದಲಾಯಿಸಲಾಗದಂತೆ ಬೀಗ. ಎಚ್‌ಆರ್‌ನವರ ವಾರಕ್ಕೊಂದು ಘೋಷವಾಕ್ಯ ಅಲ್ಲಿಗೆ ಬಿದ್ದುಹೋಯಿತು.

ಬೀಗ ಹಾಕಬೇಕಾ ಬೇಡವಾ ಅನ್ನುವುದರ ಮೇಲೆ ನಡೆದ ಚರ್ಚೆ ಇಡೀ ಕೆಲಸದ ಅತಿ ಉದ್ದದ ಚರ್ಚೆ. ತಂತ್ರಜ್ಞಾನದ ಮಾತೇ ಅದರಲ್ಲಿ ಇರಲಿಲ್ಲ. "ನನ್ನ ಮೊಮ್ಮಗಳ ಫೋಟೋ ತೆಗೆಸಿಬಿಡ್ತೀರಾ ಮೇಡಂ?" ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಸ್ವಾಗತ ಮೇಜು, ಸಭಾಕೋಣೆ, ತರಬೇತಿ ಕೋಣೆಯ ಯಂತ್ರಗಳಿಗೆ ಬೀಗ, ಸ್ವಂತ ಮೇಜಿನವರಿಗೆ ಥೀಮ್ ಕೊಟ್ಟು ಆಯ್ಕೆ ಬಿಡುವುದು ಅಂತ ಕೊನೆಗೆ ನಿರ್ದೇಶಕರು ಒಪ್ಪಿದರು. ನನ್ನ ಮಟ್ಟಿಗೆ ಇದೇ ಸರಿ. ಬಲವಂತ ಮಾಡಿದರೆ ಜನ ಲೋಗೋವನ್ನು ಪ್ರೀತಿಸುವುದಿಲ್ಲ, ಬೈಯುತ್ತಾರೆ.

ಇದೇ ಹೊತ್ತಿಗೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಪರೀಕ್ಷೆಯ ಗುಂಪಿನಲ್ಲಿ ದೃಷ್ಟಿ ಕಡಿಮೆ ಇರುವ ಸಹೋದ್ಯೋಗಿ ಒಬ್ಬರಿದ್ದರು. ಅವರು ಹಿನ್ನೆಲೆಯಿಂದ ಅಕ್ಷರ ಎದ್ದು ಕಾಣುವ ಹೈ ಕಾಂಟ್ರಾಸ್ಟ್ ಥೀಮ್ ಬಳಸುತ್ತಾರೆ. ನಮ್ಮ ಥೀಮ್ ಹೋಗಿ ಅದನ್ನು ಅಳಿಸಿ ಕೂತಿತು, ಅವರಿಗೆ ಆ ಬೆಳಿಗ್ಗೆ ಮೇಲ್ ಓದಲೂ ಆಗಲಿಲ್ಲ. ಪಾಪ, ಅವರು ಗಲಾಟೆ ಮಾಡದೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಮೂರನ್ನೂ ಒಟ್ಟಿಗೆ ಒತ್ತಿ ತಮ್ಮ ಥೀಮ್ ವಾಪಸ್ ತಂದುಕೊಂಡರು, ಮಧ್ಯಾಹ್ನ ನಮಗೆ ಹೇಳಿದರು. ಅಂಥವರಿಗಾಗಿ ಪಾಲಿಸಿಯಲ್ಲಿ ಪ್ರತ್ಯೇಕ ಗುಂಪು ಮಾಡಿ ಹೊರಗಿಟ್ಟೆವು. ಈ ಗುಂಪನ್ನು ಮೊದಲ ದಿನವೇ ಮಾಡಿಸಿ. ಲೋಗೋ ಆಕಾರದ ಕರ್ಸರ್ ಅನ್ನುವ ಬೇಡಿಕೆಯನ್ನೂ ಇದೇ ಕಾರಣ ಹೇಳಿ ತಳ್ಳಿಹಾಕಿದೆ. ಬಾಣದ ತುದಿ ಎಲ್ಲಿದೆ ಅಂತ ಗೊತ್ತಾಗದ ಕರ್ಸರಿನಲ್ಲಿ ಯಾರು ಕೆಲಸ ಮಾಡುತ್ತಾರೆ?

ಖರ್ಚಿನ ವಿಷಯ. ಅಂಕಿ ಹೇಳಿ ಉಪಯೋಗ ಇಲ್ಲ, ಒಬ್ಬೊಬ್ಬರದು ಒಂದೊಂದು. ಆದರೆ ಹಣ ಎಲ್ಲಿ ಸೋರುತ್ತದೆ ಅಂತ ಹೇಳಬಲ್ಲೆ. ವಿನ್ಯಾಸದ ಮೂಲ ಬೆಲೆ ನಮಗೆ ಭಾರ ಅನ್ನಿಸಲಿಲ್ಲ. ಒಪ್ಪಿದ್ದಕ್ಕಿಂತ ಹೆಚ್ಚಿನ ತಿದ್ದುಪಡಿಗಳು, ಪ್ರತಿ ಪರದೆಯ ಅಳತೆಗೆ ಬೇರೆ ಚಿತ್ರ, ಐಕಾನುಗಳು, ಇವುಗಳ ಬಿಲ್ಲು ಸೇರಿ ದೊಡ್ಡದಾಯಿತು. ಒಂದು ಐಕಾನ್ ಅಂದರೆ 16ರಿಂದ 256 ಪಿಕ್ಸೆಲ್‌ವರೆಗೆ ಹಲವು ಅಳತೆ, ಚಿಕ್ಕದಕ್ಕೆ ಬೇರೆಯಾಗಿಯೇ ಬಿಡಿಸಬೇಕು. ರಿಸೈಕಲ್ ಬಿನ್‌ಗೆ ಖಾಲಿ, ತುಂಬಿದ್ದು ಅಂತ ಎರಡು ಬೇಕು. ನಾವು ಐಕಾನನ್ನೇ ಕೈಬಿಟ್ಟೆವು, ಯಾರಿಗೂ ಕೊರತೆ ಅನ್ನಿಸಿಲ್ಲ. ಫಾಂಟ್ ಲೈಸೆನ್ಸಿನಲ್ಲೂ ಎಚ್ಚರ. ಚಿತ್ರದೊಳಗೆ ಅಕ್ಷರ ಮೂಡಿಸುವುದು ಬೇರೆ, ಫಾಂಟನ್ನು ಎಲ್ಲ ಯಂತ್ರಕ್ಕೂ ಹಾಕುವುದು ಬೇರೆ, ಎರಡನೆಯದಕ್ಕೆ ಸಾಮಾನ್ಯವಾಗಿ ಯಂತ್ರದ ಲೆಕ್ಕದಲ್ಲಿ ಹಣ ಕೊಡಬೇಕು. ನಮ್ಮ ಐಟಿಯವರ ಸಮಯ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಆದರೆ ಅತಿ ದೊಡ್ಡ ಖರ್ಚು ಅದೇ ಇರಬೇಕು.

ಎಲ್ಲ ಯಂತ್ರಗಳಿಗೂ ಹೋಗುವ ಹಿಂದಿನ ಸಂಜೆ ಸಹಾಯವಾಣಿಯವರು ಬಂದು, ಹಿನ್ನೆಲೆಯಲ್ಲಿ ಯಂತ್ರದ ಹೆಸರು ತೋರಿಸುವ ಬಿಜಿಇನ್ಫೋ ನಮಗೆ ಬೇಕೇ ಬೇಕು ಅಂದರು. ಅದು ಹೊಸದೊಂದು ಹಿನ್ನೆಲೆ ಚಿತ್ರವನ್ನೇ ಮಾಡಿ ಹಾಕುತ್ತದೆ, ನಮ್ಮದರ ಜೊತೆ ಜಗಳ ಗ್ಯಾರಂಟಿ. ನಮ್ಮ ಚಿತ್ರದ ಮೇಲೆಯೇ ಬರೆಯುವಂತೆ ಅದನ್ನು ಹೊಂದಿಸಿ, ಬಲ ಮೇಲಿನ ಮೂಲೆ ಅವರಿಗೆ ಬಿಟ್ಟುಕೊಟ್ಟು, ಲೋಗೋವನ್ನು ಸ್ವಲ್ಪ ಕೆಳಗೆ ತಂದೆವು. ಮರುದಿನ ವಿಭಾಗಕ್ಕೊಂದರಂತೆ ಹಂತಹಂತವಾಗಿ ಹಾಕುತ್ತಾ ಹೋದರು. ಒಬ್ಬರು ಚೆನ್ನಾಗಿದೆ ಅಂದರು, ಬಹಳ ಜನ ಗಮನಿಸಲೇ ಇಲ್ಲ. ಫೋನ್ ಬಡಿದುಕೊಳ್ಳದಿದ್ದದ್ದೇ ನನಗೆ ಸಮಾಧಾನ.

ಕೆಲಸ ಮುಗಿದ ಮೇಲೆ ಸ್ಟುಡಿಯೋದಿಂದ ಪದರಪದರವಾಗಿರುವ ಮೂಲ ಫೈಲುಗಳು, ಪ್ರತಿ ಅಳತೆಯ ಚಿತ್ರ, ಫೋಟೋಗಳ ಲೈಸೆನ್ಸ್ ರಸೀದಿ, ಹಕ್ಕು ವರ್ಗಾವಣೆಯ ಪತ್ರ ಇಷ್ಟನ್ನು ಪಡೆದ ಮೇಲೆಯೇ ಕೊನೆಯ ಕಂತು ಕೊಡಿ. ನಮ್ಮಲ್ಲಿ ಡೆವಲಪರ್‌ಗಳ ಲಿನಕ್ಸ್ ಯಂತ್ರಗಳು ಇನ್ನೂ ಬಾಕಿ ಇವೆ. ಅವುಗಳಲ್ಲಿರುವ ಗ್ನೋಮ್ ಅನ್ನುವ ಡೆಸ್ಕ್‌ಟಾಪಿನ 42ನೇ ಆವೃತ್ತಿಯಿಂದ ಈಚೆಗೆ ಲೈಟ್‌ಗೆ ಒಂದು, ಡಾರ್ಕ್‌ಗೆ ಒಂದು ಅಂತ ಎರಡು ಹಿನ್ನೆಲೆ ಕೊಡಬೇಕಂತೆ. ಡಾರ್ಕ್ ಚಿತ್ರಕ್ಕೆ ಸ್ಟುಡಿಯೋದವರ ಕೊಟೇಶನ್ ನಿನ್ನೆ ಬಂದಿದೆ.